ಮುದ್ದೆ ಬೇಯದ ಬೆಟ್ಟ

ಬೆಟ್ಟ ಹತ್ತುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ದೃಢವಾದ ನಂಬಿಕೆ ಕಳೆದ ವರ್ಷದವರೆಗೂ ನನಗಿತ್ತು. ಅದಕ್ಕೆ ಕಾರಣವೂ ಇತ್ತು. ನಾನು ಹುಟ್ಟಿ ಬೆಳೆದದ್ದು ರಾಮನಗರದ ಪಕ್ಕದ ಕೈಲಾಂಚದಲ್ಲಿ. ಇಲ್ಲಿ ಮನೆಯಿಂದ ಯಾವ ದಿಕ್ಕಿಗೆ ಹೊರಟರೂ ಒಂದು ಬಂಡೆ ಅಡ್ಡ ಬರುತ್ತದೆ. ಬೆಂಗಳೂರಿನವರು ಭಾನುವಾರ ಬಂದು, ಸೊಂಟಕ್ಕೆ ಹಗ್ಗ ಬಿಗಿದು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ದೇವರನ್ನು ನೆನೆಯುತ್ತಾ ಹತ್ತುವ ಬಂಡೆಗಳನ್ನು ನಾನು ಹವಾಯಿ ಚಪ್ಪಲಿಯಲ್ಲಿ ಹತ್ತಿ, ತಪ್ಪಿಸಿಕೊಂಡ ಮೇಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದವನು!

ಒಂದು ಭಾನುವಾರ ಗೆಳೆಯ ಪುಟ್ಸಾಮಿಯ ಟೀ ಹೋಟೆಲಿನಲ್ಲಿ ಅಂಥ ಹೆಲ್ಮೆಟ್‌ಧಾರಿಯೊಬ್ಬ ನನ್ನ ಈ ಸಾಹಸಗಳನ್ನೆಲ್ಲ ಕೇಳಿ, "ನೀವು ಹಿಮಾಲಯಕ್ಕೆ ಹೋಗ್ಬೇಕು ಸಾರ್" ಎಂದುಬಿಟ್ಟ. ನಲವತ್ತೆರಡು ವರ್ಷ ರೇಷ್ಮೆ ಹುಳಗಳ ನಡುವೆ ಬದುಕಿದ ನನ್ನನ್ನು ಯಾರೂ ಸಾರ್ ಎಂದಿರಲಿಲ್ಲ. ಹಿಮಾಲಯಕ್ಕೆ ಹೋಗುವುದು ಆ ಕ್ಷಣವೇ ತೀರ್ಮಾನವಾಯಿತು. ಅದೂ ಒಬ್ಬನೇ!

ಪೂರ್ವಸಿದ್ಧತೆಯನ್ನು ಶಾಸ್ತ್ರೋಕ್ತವಾಗಿಯೇ ಮಾಡಿದೆ. ನಾನು ಹತ್ತಬೇಕೆಂದಿದ್ದ ಜಾಗ ಹದಿನಾಲ್ಕು ಸಾವಿರ ಅಡಿ. ಅದರ ಹೆಸರು ಹೇಳುವುದಿಲ್ಲ, ಅದಕ್ಯಾಕೆ ಸುಮ್ಮನೆ ಅವಮಾನ. ನಮ್ಮ ರೇವಣಸಿದ್ಧೇಶ್ವರ ಬೆಟ್ಟ ಅಂದಾಜು ಮೂರು ಸಾವಿರ ಅಡಿ. ಎಂದರೆ ನಮ್ಮ ಬೆಟ್ಟವನ್ನು ಐದು ಸಲ ಹತ್ತಿಳಿದರೆ ಹಿಮಾಲಯ ಹತ್ತಿದಂತೆಯೇ, ಮೇಲೆ ಒಂದು ಸಾವಿರ ಅಡಿ ಚಿಲ್ಲರೆ ವಾಪಸು! ಒಂದೇ ದಿನದಲ್ಲಿ ಐದು ಸಲ ಹತ್ತಿಳಿದು, ಮನೆಗೆ ಬಂದು ಹೆಂಡತಿಗೆ ಈ ಲೆಕ್ಕವನ್ನು ವಿವರಿಸಿದೆ. ಭಾಗ್ಯ ನನ್ನ ಸೋದರಮಾವನ ಮಗಳು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವಳಾದ್ದರಿಂದ ಗೌರವದ ಭಾರ ಅವಳಿಗಿಲ್ಲ.

"ಒಂದೇ ಬೆಟ್ಟವ ಐದ್ಸಲ ಹತ್ತುದ್ರೆ ಮೊಣಕಾಲು ನೋಯ್ತದೆ ಅಷ್ಟೇಯ. ಬೆಟ್ಟ ಎತ್ರ ಆಯ್ತದಾ ಬಾವ?" ಎಂದಳು.

"ನಿಂಗೆ ಲೆಕ್ಕ ತಿಳಿಯಾಕಿಲ್ಲ ಸುಮ್ಕಿರು" ಎಂದೆ.

"ಆಯ್ತು, ಹೋಗ್ಬುಟ್ಟು ಬಾ. ಆದ್ರೆ ಹುಳ ನಾಕ್ನೇ ಜ್ವರದಿಂದ ಏಳೋ ಒತ್ಗೆ ನೀನು ಮನೇಲಿರ್ಬೇಕು. ಎದ್ಮೇಲೆ ಸೊಪ್ಪು ಹೊರಾಕೆ ನನ್ನೊಬ್ಳ ಕೈಲಿ ಆಗಾಕಿಲ್ಲ."

ಹುಳದ ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಕದಲದೆ ಕೂರುತ್ತದೆ. ಅದನ್ನೇ ನಾವು ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಆಗ ಅದನ್ನು ಮುಟ್ಟಬಾರದು, ಕೆಣಕಬಾರದು. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಮಾತ್ರ ಅದರದ್ದು ಬಕಾಸುರನ ಹಸಿವು. ಹೊರೆ ಹೊರೆ ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. "ಅಷ್ಟ್ರೊಳಗೆ ಬಂದೇ ಬತ್ತೀನಿ" ಎಂದು ಭಾಗ್ಯಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟು ಹೊರಟೆ. ಕಾಲಿಗೆ ಅಗ್ಗದ ಬೂಟು, ಚೀಲದಲ್ಲಿ ಮೂರು ಕೆಜಿ ರಾಗಿ ಹಿಟ್ಟು, ಒಂದು ಮುದ್ದೆ ಕೋಲು!

ರೈಲು, ಬಸ್ಸು, ಜೀಪು ಎಲ್ಲ ಮುಗಿಸಿ, ನಡೆಯಲು ಶುರು ಮಾಡಿದ ಮೊದಲ ದಿನ ನನ್ನ ವೇಗ ನೋಡಿ ನನಗೇ ಹೆಮ್ಮೆಯಾಯಿತು. ದೊಡ್ಡ ದೊಡ್ಡ ಬೂಟು ಹಾಕಿದವರನ್ನೆಲ್ಲ ಹಿಂದೆ ಹಾಕಿ, ಹನ್ನೊಂದು ಸಾವಿರ ಅಡಿಯಲ್ಲಿದ್ದ ಒಂದು ಡೇರೆ ಹೋಟೆಲನ್ನು ಮಧ್ಯಾಹ್ನದೊಳಗೇ ಮುಟ್ಟಿದೆ. ಅದನ್ನು ನಡೆಸುತ್ತಿದ್ದವರು ಒಬ್ಬ ಅಜ್ಜ. ಮೂಳೆ ಚರ್ಮದ ಮನುಷ್ಯ. ಅವರ ಜೊತೆಗಿದ್ದದ್ದು ಒಂದು ಹೇಸರಗತ್ತೆ. ಅಜ್ಜ ಅನ್ನ ಬೇಳೆ ಕೊಡಲು ಬಂದರು. ನಾನು ನಕ್ಕು, ಅವರ ಒಲೆಯನ್ನು ಬೇಡಿ ಪಡೆದು, ಎಸರಿಟ್ಟೆ.

ಎಸರು ಎಷ್ಟು ಬೇಗ ಕುದಿಯಿತು ಅಂತೀರಿ! ಹಿಮಾಲಯದ ನೀರಿನ ಗುಣವೇ ಗುಣ ಎಂದು ಮನಸಾರೆ ಹೊಗಳುತ್ತಾ ಹಿಟ್ಟು ಹಾಕಿ ತಿರುವಿದೆ. ಆದರೆ ಎಷ್ಟು ಬೇಯಿಸಿದರೂ ಮುದ್ದೆ ಬೇಯಲೊಲ್ಲದು. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಸಾಕಷ್ಟು ಕಾಯುವುದಿಲ್ಲ ಎಂಬ ಸತ್ಯ ನನಗೆ ಗೊತ್ತಾದದ್ದು ಆಮೇಲೆ. ಕೊನೆಗೆ ಕೈಗೆ, ಕೋಲಿಗೆ, ಪಾತ್ರೆಗೆ ಅಂಟುವ ಹಸಿ ಹಿಟ್ಟಿನ ಉಂಡೆಯೊಂದು ತಯಾರಾಯಿತು. ಮುದ್ದೆಯನ್ನು ಅಗಿಯುವವರು ಯಾರು, ನುಂಗುವುದು ತಾನೇ? ನುಂಗಿದೆ.

ಸಂಜೆಗೆ ತಲೆನೋವು ಬಂತು. ಆಮೇಲೆ ವಾಂತಿ. ಅಜ್ಜ ನನ್ನ ಮುಖ ನೋಡಿ, ಇದು ಎತ್ತರದ ಕಾಯಿಲೆ, ನಾಳೆ ಒಂದು ದಿನ ಇಲ್ಲೇ ಕೂತಿರು, ಮೇಲೆ ಹೋಗಬೇಡ ಎಂದು ಹಿಂದಿಯಲ್ಲಿ ತಿಳಿಹೇಳಿದರು. ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಸಾಬರ ಜೊತೆ ಚೌಕಾಸಿ ಮಾಡಿ ಕಲಿತ ಹಿಂದಿ ನನ್ನದು. ಅದರಲ್ಲೇ ಅಜ್ಜನಿಗೆ ಮರುಪಾಠ ಮಾಡಿದೆ. "ಕಾಯಿಲೆ ಗೀಯಿಲೆ ಏನೂ ಇಲ್ಲ ಅಜ್ಜ, ಇದು ಹಸಿ ಮುದ್ದೆಯ ಕೆಲಸ. ನಾಳೆ ಚೆನ್ನಾಗಿ ಬೇಯಿಸಿ ತಿಂದರೆ ಸರಿಹೋಗುತ್ತದೆ!" ಅಜ್ಜ ತಮ್ಮ ಹೇಸರಗತ್ತೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಇಬ್ಬರಲ್ಲಿ ಯಾರಿಗೆ ಬುದ್ಧಿ ಹೆಚ್ಚೆಂದು ಯೋಚಿಸುತ್ತಿದ್ದರೆಂದು ಈಗ ಅನ್ನಿಸುತ್ತದೆ.

ಬೆಳಿಗ್ಗೆ ಡೇರೆಯ ಹಿಂದಿನ ಬಂಡೆ ಹತ್ತಿ ನಿಂತೆ. ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಭಾಗ್ಯಳಿಗೆ ಫೋನ್ ಮಾಡಿ, ಮುದ್ದೆ ಕೈಕೊಟ್ಟ ಕಥೆ ಹೇಳಿದೆ.

"ಊಟ ಬುಟ್ಟಿದ್ದೀಯಾ?"

"ಬುಟ್ಟಿವ್ನಿ."

"ಮಂಕು ಕವ್ಕಂಡು, ಎಲ್ಲಿ ಕುಂತ್ರೆ ಅಲ್ಲೇ ಕುಂತ್ಕತೀಯಾ?"

"ಒಸಿ ಹಂಗೇಯ."

"ಮತ್ತಿನ್ನೇನು, ಹುಳ ಜ್ವರಕ್ಕೆ ಕೂತಂಗೆ ಆಗೈತೆ ಕಣ್ ಬಾವ. ಮೈ ಒಗ್ಗೋಗಂಟ ಕದಲ್ಬ್ಯಾಡ. ಅಲ್ಲೇ ಕುಂತ್ಕೊ."

ಹುಳಕ್ಕೂ ಹಿಮಾಲಯಕ್ಕೂ ಏನೇ ಸಂಬಂಧ ಎಂದು ರೇಗಿ ಫೋನ್ ಇಟ್ಟೆ. ಇಟ್ಟೊಡನೆ ಅದೇ ಬಂಡೆಯ ಮೇಲೆ ಟಿಂಗ್ ಎಂದು ಒಂದು ವಾಟ್ಸಾಪು ಬಂತು. ಪುಟ್ಸಾಮಿ ಕಳಿಸಿದ ಫೋಟೋ. ಕೈಲಾಂಚದ ಬಸ್ ಸ್ಟಾಪಿನಲ್ಲಿ ಎರಡಾಳೆತ್ತರದ ಫ್ಲೆಕ್ಸು! "ಕೈಲಾಂಚದ ಹೆಮ್ಮೆಯ ಪುತ್ರ, ಹಿಮಾಲಯ ವಿಜೇತ ಸಿದ್ದರಾಜು ಅವರಿಗೆ ಹಾರ್ದಿಕ ಸುಸ್ವಾಗತ." ನನ್ನ ಮದುವೆ ಫೋಟೋದಿಂದ ತಲೆ ಕತ್ತರಿಸಿ ಯಾರದೋ ಜರ್ಕಿನ್ನಿನ ಮೇಲೆ ಕೂರಿಸಿದ್ದರು. ಹಿಮದ ನಡುವೆ, ಹಣೆಯಲ್ಲಿ ಬಾಸಿಂಗದ ಸಮೇತ ನಾನು ನಗುತ್ತಿದ್ದೆ. ಕೆಳಗೆ ಸ್ವಾಗತದ ದಿನಾಂಕ, ಅದರ ಕೆಳಗೆ ಊರಿನ ಮೂವತ್ತು ಜನರ ಪಾಸ್‌ಪೋರ್ಟ್ ಫೋಟೋ.

ನಮ್ಮ ಕಡೆ ಯಾವುದೇ ಕೆಲಸ ಫ್ಲೆಕ್ಸಿನಿಂದಲೇ ಶುರುವಾಗುವುದು. ಗೆಲ್ಲುವುದು ಆಮೇಲಿನ ಮಾತು. ಒಂದು ದಿನ ಕೂತರೆ ಆ ದಿನಾಂಕ ತಪ್ಪುತ್ತದೆ, ಇಳಿದರೆ ಮೂವತ್ತು ಜನರ ಮಾನ ಹೋಗುತ್ತದೆ. ಎದ್ದೆ, ಚೀಲ ಹೊತ್ತೆ, ಮೇಲಕ್ಕೆ ಹೊರಟೆ! ಅಜ್ಜ ಹೇಸರಗತ್ತೆಯನ್ನು ಹಿಡಿದುಕೊಂಡು, ಕರೆಯದಿದ್ದರೂ ನನ್ನ ಹಿಂದೆಯೇ ಬಂದರು.

ಹದಿಮೂರು ಸಾವಿರ ಅಡಿಯಲ್ಲಿ ಏನು ನಡೆಯಿತೆಂಬುದು ನನಗೆ ಸರಿಯಾಗಿ ನೆನಪಿಲ್ಲ. ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದೆನಂತೆ. ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಲು ಹೋಗಿ, ಹೋಗದಿದ್ದಾಗ ಬೂಟನ್ನೇ ಬೈದೆನಂತೆ. ಒಂದು ಮಾತ್ರ ಚೆನ್ನಾಗಿ ನೆನಪಿದೆ. ನನ್ನೆದುರು ಪುಟ್ಸಾಮಿ ಬಂದು ನಿಂತಿದ್ದ. ಅವನ ಕಿವಿ ಯಾಕೋ ಸ್ವಲ್ಪ ಉದ್ದವಾಗಿ ಕಾಣುತ್ತಿತ್ತು. ನಾನು ಅವನ ಕೊರಳು ತಬ್ಬಿಕೊಂಡು, "ಲೇ ಪುಟ್ಸಾಮಿ, ಆ ಫ್ಲೆಕ್ಸ್ ಇಳಿಸ್ಬುಡ್ಲಾ, ನಿನ್ ದಮ್ಮಯ್ಯ" ಎಂದು ಅತ್ತೆ. ಅವನು ಮೂಗರಳಿಸಿ ಬುಸ್ಸೆಂದ. ಜೀವಮಾನದಲ್ಲಿ ಮೊದಲ ಬಾರಿಗೆ ಪುಟ್ಸಾಮಿ ಎದುರು ಮಾತಾಡದೆ ನನ್ನ ಕಷ್ಟ ಕೇಳುತ್ತಿದ್ದಾನೆಂದು ನನಗೆ ಬಹಳ ಸಮಾಧಾನವಾಯಿತು!

ಅಜ್ಜ ನನ್ನನ್ನು ಆ ಪುಟ್ಸಾಮಿಯ ಬೆನ್ನಿಗೆ ಹಗ್ಗ ಹಾಕಿ ಬಿಗಿದರು. ಅವರ ಡೇರೆಯನ್ನೂ ದಾಟಿ, ಒಂದೇ ಸಮನೆ ಕೆಳಗಿನ ಹಳ್ಳಿಯವರೆಗೆ ಇಳಿಸಿದರು. ಇಳಿಯುತ್ತ ಇಳಿಯುತ್ತ ತಲೆನೋವು ತಾನಾಗಿ ಬಿಟ್ಟಿತು. ಅಲ್ಲಿನ ವೈದ್ಯರು ಪರೀಕ್ಷೆ ಮಾಡಿ, ಇನ್ನರ್ಧ ದಿನ ಮೇಲೆ ಇದ್ದಿದ್ದರೆ ಇಳಿಸುವುದಕ್ಕೆ ಹೆಣ ಮಾತ್ರ ಸಿಗುತ್ತಿತ್ತು ಎಂದು ಗದರಿದರು. ಮುದ್ದೆಯ ತಪ್ಪೇನೂ ಇರಲಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಸಾಕಿದ ಮುದ್ದೆಯ ಮೇಲೆ ಸುಳ್ಳು ಕೇಸು ಹಾಕಿದ್ದೆ.

ಅಲ್ಲೇ ಎರಡು ದಿನ ಮಲಗಿದ್ದೆ. ಅಜ್ಜ ನನ್ನ ನಂಬರು ಪಡೆದು, ತಮ್ಮದನ್ನೂ ಕೊಟ್ಟು ಡೇರೆಗೆ ಮರಳಿದ್ದರು. ಭಾಗ್ಯಳಿಗೆ, ಪುಟ್ಸಾಮಿಗೆ, ಇಬ್ಬರಿಗೂ ಒಂದೇ ಸುಳ್ಳು ಹೇಳಿದೆ. ರಸ್ತೆ ಕುಸಿದಿದೆ, ಬಸ್ಸಿಲ್ಲ ಅಂತ. "ಬೆಟ್ಟ ಹತ್ತುದ್ಯೇನ್ಲಾ?" ಎಂದು ಪುಟ್ಸಾಮಿ ಕೂಗಿ ಕೇಳಿದಾಗ, "ಹ್ಞೂಂ" ಎಂದುಬಿಟ್ಟೆ. ಒಂದೇ ಅಕ್ಷರ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಕೈಲಾಂಚದಲ್ಲಿ ಬಸ್ಸಿಳಿದರೆ ತಮಟೆ! ಫ್ಲೆಕ್ಸಿನ ದಿನಾಂಕದ ಮೇಲೆ ಬಿಳಿ ಹಾಳೆ ಅಂಟಿಸಿ ಹೊಸ ದಿನಾಂಕ ಬರೆದಿದ್ದರು. ನನಗೆ ಪೇಟ ಇಟ್ಟರು, ಶಾಲು ಹೊದಿಸಿದರು, ಮೂರು ಹಾರ ಹಾಕಿದರು, ಎರಡೂ ಕೈಗೆ ಹಣ್ಣಿನ ತಟ್ಟೆ ಕೊಟ್ಟರು. ಮೈಕಿನ ಮುಂದೆ ನಿಲ್ಲಿಸಿದರು. ನಿಜ ಹೇಳಲು ಅದೇ ಕೊನೆಯ ಅವಕಾಶವಾಗಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಆ ಮಂಜಿನ ತುದಿಯಲ್ಲಿ ನಿಂತಾಗ ನನಗೆ ಮೊದಲು ನೆನಪಾದದ್ದು ನಮ್ಮ ಕೈಲಾಂಚ!" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಜನರ ನಡುವೆ ಭಾಗ್ಯಳಿಗಾಗಿ ಕಣ್ಣಾಡಿಸಿದೆ. ಕಾಣಲಿಲ್ಲ.

ಆಗ ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ನನ್ನ ಕೈಯಲ್ಲಿ ತಟ್ಟೆಗಳಿದ್ದವಲ್ಲ, ಪುಟ್ಸಾಮಿಯೇ ಅದನ್ನು ತೆಗೆದು ಹೆಸರು ಓದಿದ. "ಹಿಮಾಲಯದ ಅಜ್ಜ ಅಂತ ಐತೆ! ಹಿಮಾಲಯದಿಂದ್ಲೇ ಅಭಿನಂದ್ನೆ ಬಂದದೆ ಕಣ್ರಪ್ಪೋ!" ಎನ್ನುತ್ತಾ ಸ್ಪೀಕರ್ ಹಾಕಿ ಮೈಕಿಗೆ ಹಿಡಿದೇಬಿಟ್ಟ. ನಾನು ಬೇಡ ಬೇಡ ಎಂದು ತಲೆಯಾಡಿಸಿದ್ದಕ್ಕೆ ಪೇಟ ಕಣ್ಣಿನ ಮೇಲೆ ಜಾರಿತು.

ಪಾಪ, ಆ ವಯಸ್ಸಿನಲ್ಲಿ ಅಜ್ಜ ಬಂಡೆ ಹತ್ತಿ ನಿಂತು ಕೂಗುತ್ತಿದ್ದರು. "ಭಾಯಿ ಸಾಬ್, ಉಲ್ಟಿ ಬಂದ್ ಹುಯೀ? ಘರ್ ಪಹುಂಚ್ ಗಯೇ? ಮೇರೆ ಖಚ್ಚರ್ ಕೋ ಅಬ್ ಭೀ ಪುಟ್ಸಾಮಿ ಬುಲಾತೇ ಹೋ ಕ್ಯಾ?"

ಗೂಡಿನ ಮಾರ್ಕೆಟ್ಟಿನ ಹಿಂದಿ ನನಗೊಬ್ಬನಿಗೇ ಅಲ್ಲ, ಇಡೀ ಊರಿಗೆ ಬರುತ್ತದೆ. ಆದರೂ ಗುಂಪಿನಿಂದ ಒಬ್ಬರು ಹಿರಿಯರು ಗಟ್ಟಿಯಾಗಿ ಅನುವಾದ ಮಾಡಿದರು. "ವಾಂತಿ ನಿಂತ್ತಾ ಅಂತಾವ್ನೆ. ಅವನ ಹೇಸರಗತ್ತೆನ ಈಗ್ಲೂವೆ ಪುಟ್ಸಾಮಿ ಅಂತ್ಲೇ ಕರೀತೀಯಾ ಅಂತಾವ್ನೆ."

ತಮಟೆಯವರು ತಮಟೆ ಕೆಳಗಿಟ್ಟರು. ಪುಟ್ಸಾಮಿ ಮೆಲ್ಲಗೆ ನನ್ನ ಕಡೆ ತಿರುಗಿದ. "ಲೇ ಸಿದ್ರಾಜ, ಕತ್ತೆಗೆ ನನ್ನೆಸ್ರು ಇಕ್ಕಿದ್ಯೇನ್ಲಾ?"

"ಕತ್ತೆ ಅಲ್ಲ ಕಣ್ಲಾ, ಹೇಸರಗತ್ತೆ" ಎಂದೆ. ಅದೂ ಮೈಕಿನಲ್ಲಿ ಕೇಳಿಸಿತು.

ನಗು ಹೊಸಹೊಸದಾಗಿ ಏಳುತ್ತಲೇ ಇತ್ತು. ನಾನು ತಟ್ಟೆ ಕೆಳಗಿಟ್ಟು, ಪೇಟ ತೆಗೆದು, "ತುದಿ ಮುಟ್ನಿಲ್ಲ. ಆ ಕತ್ತೆ ಮ್ಯಾಲೆ ಕಟ್ಟಿ ಇಳಿಸುದ್ರು" ಎಂದು ಹೇಳಿ, ಹಾರ ಹಾಕಿಕೊಂಡೇ ಮನೆಗೆ ನಡೆದೆ.

ಭಾಗ್ಯ ಹುಳದ ಮನೆಯಲ್ಲಿದ್ದಳು. ಹುಳ ನಾಲ್ಕನೆಯ ಜ್ವರದಿಂದ ಎದ್ದು ನಾಲ್ಕು ದಿನವಾಗಿತ್ತು. ಅಷ್ಟೂ ದಿನ ಸೊಪ್ಪನ್ನೆಲ್ಲ ಒಬ್ಬಳೇ ಕೊಯ್ದು, ಹೊತ್ತು, ಹಾಕಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕಣ್ಣು ಗುಳಿ ಬಿದ್ದಿತ್ತು. ಒಂದು ಹುಳವೂ ಕೆಟ್ಟಿರಲಿಲ್ಲ. ಮೈಕಿನ ಸದ್ದು ಇಲ್ಲಿಯವರೆಗೂ ಕೇಳಿಸಿರಲೇಬೇಕು. ಅವಳು ಬೈದಿದ್ದರೆ ಚೆನ್ನಾಗಿತ್ತು. "ಬಂದ್ಯಾ? ಹಾರ ತೆಗ್ದಾಕು, ಹುಳುಕ್ಕೆ ಹೂವಿನ ವಾಸ್ನೆ ಆಗಾಕಿಲ್ಲ" ಎಂದಳು ಅಷ್ಟೇ. ಬಸ್ ಸ್ಟಾಪಿನಲ್ಲಿ ಇಡೀ ಊರು ನಕ್ಕಾಗ ಆಗದಷ್ಟು ನಾಚಿಕೆ ನನಗೆ ಆಗ ಆಯಿತು.

ಮಾರನೆಯ ದಿನ ಪುಟ್ಸಾಮಿ ಫ್ಲೆಕ್ಸನ್ನು ಸುತ್ತಿ ತಂದು ನಮ್ಮ ಜಗಲಿಯ ಮೇಲೆ ಎಸೆದು ಹೋದ. ಗಟ್ಟಿ ಸರಕು, ಹಾಳು ಮಾಡುವುದು ಬೇಡವೆಂದು ಭಾಗ್ಯ ಅದನ್ನು ಹುಳದ ತಟ್ಟೆಗಳ ಕೆಳಗೆ ಹಾಸಿದಳು. ಹಿಮಾಲಯ ವಿಜೇತ ಸಿದ್ದರಾಜು ಅವರ ನಗುಮುಖದ ಮೇಲೆ ಹುಳದ ಹಿಕ್ಕೆ ದಿನವಿಡೀ ಉದುರುತ್ತಿತ್ತು. ಗುಡಿಸುವ ಕೆಲಸ ನನ್ನದು.

ನಾಲ್ಕು ದಿನ ಕಳೆದು ಹುಳ ಹಣ್ಣಾದವು, ಎಂದರೆ ಸೊಪ್ಪು ಬಿಟ್ಟು ನೂಲು ಬಿಡಲು ಸಿದ್ಧವಾದವು. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಚಂದ್ರಿಕೆಗಳು ಅಟ್ಟದ ಮೇಲಿದ್ದವು. ಏಣಿ ಹಾಕಿ, "ನಾನಿಳಿಸ್ತೀನಿ ಬುಡು" ಎಂದು ಜಂಬದಿಂದ ಹೊರಟೆ. ಮೂರು ಮೆಟ್ಟಿಲು ಹತ್ತಿದೆ. ಎರಡೂ ಕೈಯಲ್ಲಿ ಏಣಿ ತಬ್ಬಿಕೊಂಡೆ. ಕಣ್ಣ ಮುಂದೆ ಉದ್ದ ಕಿವಿಯ ಪುಟ್ಸಾಮಿ ಬಂದು ನಿಂತ.

ಕೆಳಗೆ ಏಣಿ ಹಿಡಿದಿದ್ದ ಭಾಗ್ಯ ತಲೆ ಎತ್ತಿ ನೋಡಿ, ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು.

"ಅವ್ಸರ ಏನಿಲ್ಲ ಬಾವ. ಅಲ್ಲೇ ಒಸಿ ಕುಂತ್ಕಂಡು ಹತ್ತು."

ನಾನು ಕುಂತುಕೊಂಡೆ.