ಗಿರಗಿಟ್ಲೆ ಮನೆಯ ಥಿಯೋ

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಪ್ಲಗ್ಗು.

ಆಡ್ಲರ್ ತಂಗುಮನೆ ಇರುವುದು ಹಿಮನದಿಯ ದಡದಲ್ಲಿ, ಬಂಡೆಯ ನೆತ್ತಿಯ ಮೇಲೆ. ಅರವತ್ತು ಜನ ಮಲಗಲು ಜಾಗವಿದೆ, ಹೊಟ್ಟೆ ತುಂಬ ಬಾರ್ಲಿ ಸೂಪು ಸಿಗುತ್ತದೆ, ಆದರೆ ಫೋನು ಚಾರ್ಜ್ ಮಾಡಲು ಊಟದ ಕೋಣೆಯಲ್ಲಿರುವುದು ಒಂದೇ ಒಂದು ಪ್ಲಗ್ಗು. ಹಿಂದಿನ ಸಂಜೆ ಗೈಡ್ ಥಿಯೋ ಬುಮನ್ ತನ್ನ ಫೋನನ್ನು ಅದಕ್ಕೆ ಸಿಕ್ಕಿಸಿ, ‘ಗೈಡಿನದು, ಮುಟ್ಟಬಾರದು’ ಎಂದು ಚೀಟಿ ಬರೆದಿಟ್ಟಿದ್ದ. ಬೆಳಗ್ಗೆ ಬಂದು ನೋಡಿದರೆ ಚೀಟಿ ಇತ್ತು, ಫೋನೂ ಇತ್ತು. ಪ್ಲಗ್ಗಿನಲ್ಲಿ ಮಾತ್ರ ಬೇರೆ ಯಾರದೋ ವೈರು, ಅದರ ತುದಿಗೆ ಸೋಪಿನ ಪೆಟ್ಟಿಗೆಯಂಥ ಒಂದು ಬಿಳಿ ಡಬ್ಬಿ. ಅವನ ಫೋನಿನಲ್ಲಿ ಉಳಿದಿದ್ದ ಜೀವ ನೂರಕ್ಕೆ ನಾಲ್ಕು.

“ಯಾವ ಪುಣ್ಯಾತ್ಮರ ಕೆಲಸ ಇದು?” ಎಂದು ಗುಡುಗಿದ.

ತಂಗುಮನೆ ನೋಡಿಕೊಳ್ಳುವವಳು ಅವನ ಅಣ್ಣನ ಹೆಂಡತಿ ವೆರೇನಾ. ಚಹಾದ ಕೆಟಲು ಹಿಡಿದು ಬಂದವಳು, “ಥಿಯೋ, ಮಂಜು ಇಳಿಯೋ ಹಾಗಿದೆ. ಫೋನು ಚಾರ್ಜ್ ಆಗೋವರೆಗೆ ಸುಮ್ನೆ ಕೂತ್ಕೋ,” ಎಂದಳು.

“ಅತ್ತಿಗೆ, ಮೂವತ್ತು ವರ್ಷದಿಂದ ಈ ಹಿಮನದಿ ದಾಟ್ತಿದೀನಿ. ಕಣ್ಣು ಮುಚ್ಕೊಂಡು ಹೋಗ್ತೀನಿ,” ಎಂದು ಥಿಯೋ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ, ತಂಗುಮನೆಯ ದೊಡ್ಡ ರಿಜಿಸ್ಟರಿನಲ್ಲಿ ಪದ್ಧತಿಯಂತೆ ಬರೆದ: ‘ಗೈಡ್ ಥಿಯೋ ಬುಮನ್, ಜೊತೆಗೆ ನಾಲ್ವರು. ಮುಂದಿನ ತಂಗು: ರೋಸನ್‌ಬೋಡೆನ್. ತಲುಪುವುದು ಮಧ್ಯಾಹ್ನ ಒಂದಕ್ಕೆ.’ ಹಾಗೆ ಬರೆಯದೆ ಯಾವ ಗೈಡೂ ಹೊಸ್ತಿಲು ದಾಟುವುದಿಲ್ಲ. ಬರೆದದ್ದನ್ನು ವೆರೇನಾ ಮುಂದಿನ ತಂಗುಮನೆಗೆ ಫೋನಿನಲ್ಲಿ ತಿಳಿಸುತ್ತಾಳೆ.

ಅವನ ಜಂಬಕ್ಕೆ ಒಂದು ಹಿನ್ನೆಲೆಯಿದೆ. ಎಂಬತ್ತು ವರ್ಷದ ಹಿಂದೆ ಅವನ ಅಜ್ಜ ಅಲೋಯಿಸ್, ಅವನೂ ಗೈಡೇ, ಮೂವರು ಇಂಗ್ಲಿಷ್ ದೊರೆಗಳನ್ನು ಕರೆದುಕೊಂಡು ಇದೇ ಮನೆಯಿಂದ ಹೊರಟ. ಮಂಜಿನಲ್ಲಿ ಇಡೀ ದಿನ ನಡೆಸಿ, ಸಂಜೆ “ಬಂತು ನೋಡಿ ರೋಸನ್‌ಬೋಡೆನ್” ಎಂದು ಬಾಗಿಲು ತಟ್ಟಿದರೆ, ತೆಗೆದವನು ಆಡ್ಲರ್ ತಂಗುಮನೆಯವನೇ! ಅಂದಿನಿಂದ ಬಿನ್‌ಮಾಟ್ ಊರಿನಲ್ಲಿ ಬುಮನ್ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಗಿರಗಿಟ್ಲೆ ಮನೆಯವರು’ ಎಂದರೆ ಮಕ್ಕಳೂ ಮನೆ ತೋರಿಸುತ್ತಿದ್ದರು. ಥಿಯೋನ ಅಪ್ಪ ಆ ಹೆಸರಿಗೆ ಹೆದರಿ ಗೈಡ್ ಕೆಲಸವನ್ನೇ ಬಿಟ್ಟು ಹಸು ಕಟ್ಟಿದ. ಥಿಯೋ ಮೂವತ್ತು ವರ್ಷ ಒಂದು ತಪ್ಪು ಹೆಜ್ಜೆ ಇಡದೆ ನಡೆದು, ಆ ಹೆಸರನ್ನು ಈಗಷ್ಟೇ ಊರಿನ ಬಾಯಿಂದ ಅಳಿಸಿದ್ದ.

ಐದು ದಿನದ ಚಾರಣದಲ್ಲಿ ಇದು ಮೂರನೆಯ ದಿನ. ಬಿರುಕಿಗೆ ಬೀಳದಂತೆ ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿತ್ತು. ಹಗ್ಗದ ಮುಂದಿನ ತುದಿಗೆ ಥಿಯೋ. ಅವನ ಹಿಂದೆ ಎಪ್ಪತ್ತೊಂದರ ಒಟ್ಟಿಲಿ ಟೀಚರು. ಬಿನ್‌ಮಾಟ್ ಶಾಲೆಯಲ್ಲಿ ನಲವತ್ತು ವರ್ಷ ಭೂಗೋಳ ಹೇಳಿಕೊಟ್ಟಾಕೆ. ಥಿಯೋನ ಕಿವಿ ಹಿಂಡಿದ್ದಕ್ಕೂ ಲೆಕ್ಕವಿಲ್ಲ. ಆಕೆಯ ಹಿಂದೆ ಒಬ್ಬರ ಮುಖ ಒಬ್ಬರು ಬಿಟ್ಟು ಬೇರೇನೂ ನೋಡದ ಹೊಸ ಗಂಡಹೆಂಡತಿ. ಕೊನೆಗೆ ರೇಟೋ ಎಂಬ ಔಷಧಿ ಅಂಗಡಿಯವನು. ಪ್ರತಿ ತಂಗುಮನೆಯ ಮುದ್ರೆಯನ್ನೂ ಒಂದು ಪುಟ್ಟ ಪುಸ್ತಕಕ್ಕೆ ಹಾಕಿಸಿಕೊಳ್ಳದಿದ್ದರೆ ಅವನಿಗೆ ನಿದ್ದೆ ಹತ್ತದು.

ಒಂದು ಗಂಟೆ ನಡೆದಿರಬೇಕು, ಟೀಚರು ಹಗ್ಗ ಜಗ್ಗಿದರು.

“ಥಿಯೋ, ನಿಲ್ಲೋ! ಆಡ್ಲರ್‌ನಲ್ಲಿ ಒಂದು ಸಾಮಾನು ಮರೆತುಬಂದೆ. ವಾಪಸ್ ಹೋಗೋಣ.”

“ವಾಪಸ್ಸು ಅನ್ನೋ ಮಾತೇ ಇಲ್ಲ, ಟೀಚರ್! ನಮ್ಮ ಮನೇಲಿ ಆ ಪದಾನೇ ಬಳಸಲ್ಲ!” ಎಂದು ಥಿಯೋ ಕೈ ಅಡ್ಡಡ್ಡ ಆಡಿಸಿದ. ಟೀಚರು ತುಟಿ ಬಿಗಿದುಕೊಂಡರು.

ಆಗ ಮಂಜು ಇಳಿಯಿತು. ಇಳಿಯಿತು ಎಂದರೆ ಸಾಲದು, ಯಾರೋ ಹಾಲಿನ ಪಾತ್ರೆಯೊಳಗೆ ಇವರನ್ನು ಹಾಕಿ ಮುಚ್ಚಳ ಮುಚ್ಚಿದ ಹಾಗಾಯಿತು. ಮೇಲೆ ಬಿಳಿ, ಕೆಳಗೆ ಬಿಳಿ, ತನ್ನ ಬೂಟು ತನಗೇ ಕಾಣದು. ಥಿಯೋ ಫೋನು ತೆಗೆದು ನಕ್ಷೆ ಒತ್ತಿದ. ಅದು ಒಮ್ಮೆ ಮಿನುಗಿ ಕಣ್ಣು ಮುಚ್ಚಿತು.

ಬಲಕ್ಕೆ ಹೋದರೆ ಬಾಯಿ ತೆರೆದ ಬಿರುಕುಗಳು, ಒಂದೊಂದೂ ಚರ್ಚಿನ ಗೋಪುರ ನುಂಗುವಷ್ಟು ಆಳ. ಆದರೂ ಅವನಿಗೆ ನಿಜವಾಗಿ ಬೆವರು ಬಂದದ್ದು ಬಿರುಕಿನ ಯೋಚನೆಗಲ್ಲ, ಅಜ್ಜನ ನೆನಪಿಗೆ.

ಇಂಥ ಹೊತ್ತಿಗೆ ಗೈಡುಗಳದ್ದೊಂದು ಕ್ರಮವಿದೆ. ಮುಂದೆ ನಡೆಯುವವನು ಕೋಲಿನಿಂದ ಹಿಮ ಚುಚ್ಚಿ ಬಿರುಕು ಹುಡುಕಬೇಕು, ಹಾಗಾಗಿ ದಿಕ್ಸೂಚಿ ಅವನ ಕೈಯಲ್ಲಿರುವುದಿಲ್ಲ. ಹಗ್ಗದಲ್ಲಿ ಎರಡನೆಯವರು ಅದನ್ನು ಹಿಡಿದು, ಮುಂದಿನವನು ಸೊಟ್ಟ ಹೋದಾಗಲೆಲ್ಲ ಎಡ, ಬಲ ಎಂದು ಕೂಗಬೇಕು. ಎರಡನೆಯವರು ಭೂಗೋಳದ ಟೀಚರು! ದೇವರು ದೊಡ್ಡವನು ಎಂದುಕೊಂಡು ಥಿಯೋ ದಿಕ್ಸೂಚಿಯನ್ನು ಆಕೆಯ ಕೈಗಿಟ್ಟು, ಮುಳ್ಳು ಎಲ್ಲಿ ನಿಲ್ಲಬೇಕೆಂದು ಬೆರಳಿಟ್ಟು ತೋರಿಸಿದ.

“ನಂಗೇ ಉತ್ತರ ದಕ್ಷಿಣ ಹೇಳಿಕೊಡ್ತೀಯೇನೋ? ನಡಿ ಮುಂದೆ!” ಎಂದರು ಟೀಚರು.

ಥಿಯೋ ಹಿಮ ಚುಚ್ಚುತ್ತಾ ನಡೆದ. ಹಿಂದಿನಿಂದ ದನಿ ಬರುತ್ತಲೇ ಇತ್ತು. “ಸ್ವಲ್ಪ ಎಡಕ್ಕೆ, ಥಿಯೋ... ಇನ್ನೂ ಸ್ವಲ್ಪ ಎಡಕ್ಕೆ...”

“ಟೀಚರ್, ಮತ್ತೆ ಎಡಕ್ಕಾ? ಸರಿಯಾಗಿ ನೋಡಿದ್ರಾ?”

“ಎಡಕ್ಕೆ!”

“ಒಂದ್ಸಲ ನಾನೂ ನೋಡ್ಲಾ?”

“ಎಡಕ್ಕೆ ಅಂದೆನಲ್ಲ!”

ಥಿಯೋ ಎಡಕ್ಕೆ ತಿರುಗಿದ. ಐವತ್ತನಾಲ್ಕು ವರ್ಷದ ಗಂಡಸು, ಆ ದನಿ ಕೇಳಿದರೆ ಈಗಲೂ ಅವನ ಕಿವಿ ಬಿಸಿಯಾಗುತ್ತಿತ್ತು. ಒಂದು ತಾಸು ಕಳೆಯಿತು, ಎರಡು ಕಳೆಯಿತು. ಹೊಸ ಹೆಂಡತಿ “ನಾವು ಸಾಯ್ತೀವಾ?” ಎಂದು ಕೇಳಿದಳು. ಹೊಸ ಗಂಡ “ಜೊತೇಲೇ ಇರ್ತೀವಲ್ಲ” ಎಂದ. “ಇಬ್ರೂ ಬಾಯ್ಮುಚ್ಕೊಂಡು ನಡೀರಿ,” ಎಂದ ರೇಟೋ. ಥಿಯೋ ಯಾರಿಗೂ ಕೇಳಿಸದ ಹಾಗೆ ಬೆಟ್ಟದ ದಾರಿ ಕಾಯುವ ಸಂತ ಬರ್ನಾರ್ಡನಿಗೆ ಮೂರು ಮೇಣದ ಬತ್ತಿ ಹರಸಿಕೊಂಡ. ಮಧ್ಯಾಹ್ನ ಎರಡಾಗುವ ಹೊತ್ತಿಗೆ ಅದು ಒಂದು ಡಜನ್ನಿಗೆ ಏರಿತ್ತು.

ಎರಡೂವರೆಗೆ ಮಂಜಿನಲ್ಲಿ ಕಪ್ಪಗೆ ಏನೋ ಎದ್ದಿತು. ಕಲ್ಲಿನ ಗೋಡೆ!

“ಬಂತು! ರೋಸನ್‌ಬೋಡೆನ್ ಬಂತು!” ಎಂದು ಥಿಯೋ ಕುಣಿದುಬಿಟ್ಟ. ಗೋಡೆಯನ್ನು ಸವರಿದ. ಸವರುತ್ತಿದ್ದ ಕೈ ಅಲ್ಲೇ ನಿಂತಿತು. ನೀಲಿ ಬಣ್ಣದ ಕಿಟಕಿ ಬಾಗಿಲು, ಅದಕ್ಕೆ ಹೊಡೆದ ಹಳೇ ತಗಡಿನ ತೇಪೆ. ಹೋದ ವರ್ಷ ಆಡ್ಲರ್‌ನಲ್ಲಿ ಆ ತೇಪೆ ಹೊಡೆದವನು ಅವನೇ.

ಅಜ್ಜ, ಅಪ್ಪ, ಗಿರಗಿಟ್ಲೆ, ಬಿನ್‌ಮಾಟ್‌ನ ಬೇಕರಿ ಮುಂದಿನ ಬೆಂಚು, ಆ ಬೆಂಚಿನ ಮೇಲೆ ನಗುವ ಮುಖಗಳು, ಎಲ್ಲ ಅವನ ಕಣ್ಣ ಮುಂದೆ ಸುತ್ತಿದವು. ಪುಣ್ಯಕ್ಕೆ ಇವರು ಬಂದು ನಿಂತದ್ದು ಮನೆಯ ಹಿಂಬದಿಗೆ. ಅಲ್ಲಿ ಚಳಿಗಾಲದ ಕೋಣೆಯಿದೆ. ಮನೆ ಬೀಗ ಹಾಕಿರುವ ತಿಂಗಳುಗಳಲ್ಲಿ ಬರುವವರಿಗೆಂದು ಬೇರೆಯೇ ಬಾಗಿಲು, ಬೇರೆಯೇ ಒಲೆ, ನಾಲ್ಕಾರು ಹಾಸಿಗೆ. ನಿನ್ನೆ ಅದನ್ನು ಯಾರೂ ನೋಡಿರಲಿಲ್ಲ.

“ದೊಡ್ಡ ಮನೇಲಿ ನಲ್ಲಿ ಒಡೆದು ನೀರು ತುಂಬಿದೆಯಂತೆ. ಇವತ್ತು ಇಲ್ಲೇ,” ಎಂದು ಎಲ್ಲರನ್ನೂ ಒಳಗೆ ತಳ್ಳಿ, ಬೆಂಕಿ ಹಚ್ಚಿಕೊಟ್ಟು, ಮಂಜಿನಲ್ಲಿ ಗೋಡೆ ಸವರಿಕೊಂಡು ಮುಂಬಾಗಿಲಿಗೆ ಓಡಿದ.

ವೆರೇನಾ ಅವನನ್ನು ನೋಡಿ ಸೌಟು ಕೆಳಗಿಟ್ಟಳು.

“ಅಯ್ಯೋ ದೇವ್ರೇ! ಅಜ್ಜನ ಥರಾನೇ?”

“ಅತ್ತಿಗೆ, ಕೈ ಮುಗೀತೀನಿ, ಕಾಲಿಗೆ ಬೀಳ್ತೀನಿ. ನಾನು ಇಲ್ಲಿದೀನಿ ಅಂತ ಯಾರಿಗೂ ಹೇಳಬೇಡ. ಯಾರು ಕೇಳಿದ್ರೂ ಬೆಳಗ್ಗೆನೇ ಹೋದ ಅನ್ನು. ನೀನೂ ಇದೇ ಮನೆ ಸೊಸೆ, ಮಾನ ಹೋದ್ರೆ ನಿಂದೂ ಹೋಗತ್ತೆ.”

ವೆರೇನಾ ಯೋಚಿಸಿದಳು. ಅಡುಗೆಮನೆಯ ಮೂಲೆಯಲ್ಲಿ ತುಕ್ಕು ಹಿಡಿದ ಹಳೇ ಕಬ್ಬಿಣದ ಒಲೆಯೊಂದು ಎರಡು ವರ್ಷದಿಂದ ಕೂತಿತ್ತು. ಅರವತ್ತು ಕಿಲೋ ತೂಕ. ಕಣಿವೆಗೆ ಇಳಿಸಲು ಯಾರೂ ಒಪ್ಪಿರಲಿಲ್ಲ.

“ಇದನ್ನ ಬೆನ್ನ ಮೇಲೆ ಹೊತ್ಕೊಂಡು ಬಿನ್‌ಮಾಟ್‌ಗೆ ಇಳಿಸ್ತೀಯಾ?”

“ಅತ್ತಿಗೇ!”

“ಇವತ್ತು ಅಡುಗೆಮನೆಯಿಂದ ಹೊರಗೆ. ಚಾರಣ ಮುಗಿದ ಮೇಲೆ ಊರಿಗೆ. ಆಗಲ್ಲ ಅಂದ್ರೆ ಹೇಳು, ಈಗಲೇ ಬೇಕರಿಗೆ ಫೋನ್ ಮಾಡ್ತೀನಿ.”

ಥಿಯೋ ಒಪ್ಪಿದ. ಅಲ್ಲಿಂದ ಅವನ ಓಡಾಟ ಶುರುವಾಯಿತು. ಮುಂಬಾಗಿಲಿನಿಂದ ಹಿಂಬಾಗಿಲಿಗೆ ಚಹಾ ಹೊತ್ತ, ರೈ ಬ್ರೆಡ್ಡು ಹೊತ್ತ, ಸೂಪಿನ ಪಾತ್ರೆ ಹೊತ್ತ. ಅರ್ಧ ಸೂಪು ಅವನ ಪ್ಯಾಂಟಿನ ಮೇಲೇ ಚೆಲ್ಲಿ ಗಟ್ಟಿಯಾಯಿತು.

“ನಿನ್ನೇದೂ ಇದೇ ಸೂಪು,” ಎಂದ ರೇಟೋ ಚಮಚ ನೆಕ್ಕುತ್ತಾ. “ಉಪ್ಪು ಕೂಡ ನಿನ್ನೆಯಷ್ಟೇ ಜಾಸ್ತಿ.”

“ಬೆಟ್ಟದಲ್ಲೆಲ್ಲ ಒಂದೇ ಸೂಪು, ರೇಟೋ.”

“ಇರ್ಲಿ. ಇಲ್ಲಿನ ಮುದ್ರೆ?” ಎಂದು ಪುಸ್ತಕ ಚಾಚಿದ.

“ಮುದ್ರೆ... ಮಸಿ ಹೆಪ್ಪುಗಟ್ಟಿದೆ.”

“ಔಷಧಿ ಅಂಗಡಿಯವನು ನಾನು! ಎರಡು ಹನಿ ಸ್ಪಿರಿಟ್ ಬಿಟ್ರೆ ಕರಗತ್ತೆ. ನಡಿ, ನಾನೇ ಬರ್ತೀನಿ.”

ಥಿಯೋ ಬಾಗಿಲಿಗೆ ಅಡ್ಡ ನಿಂತ. ಹೊರಗೆ ಬಿರುಕಿದೆ ಎಂದ, ಹಿಮ ಕುಸಿಯುತ್ತಿದೆ ಎಂದ, ಕೊನೆಗೆ ಕಚ್ಚುವ ನಾಯಿಯಿದೆ ಎಂದ. ರೇಟೋ ಅನುಮಾನದಿಂದ ನೋಡುತ್ತಾ ಕೂತ. ಆಗಲೇ ಥಿಯೋಗೆ ಇನ್ನೊಂದು ಹೊಳೆಯಿತು: ಒಟ್ಟಿಲಿ ಟೀಚರು ಕೋಣೆಯಲ್ಲಿಲ್ಲ!

ಮುಂಬಾಗಿಲಿಗೆ ಓಡಿದ. ಟೀಚರು ಊಟದ ಕೋಣೆಯಲ್ಲಿ, ಪ್ಲಗ್ಗಿನ ಮುಂದೆ ಬಗ್ಗಿ ನಿಂತಿದ್ದರು. ಕೈಯಲ್ಲಿ ಆ ಬಿಳಿ ಡಬ್ಬಿ. ಅದರೊಳಗಿನಿಂದ ಎರಡು ಪುಟ್ಟ ಮಿಷನ್ನು ತೆಗೆದು ಒಂದೊಂದೇ ಕಿವಿಗೆ ಸಿಕ್ಕಿಸಿಕೊಂಡರು.

“ಹಾಂ, ಈಗ ಮಾತಾಡು. ಬೆಳಗ್ಗೆಯಿಂದ ನೀನು ಬಾಯಿ ಆಡಿಸ್ತಿದ್ದಿದ್ದೇ ಕಾಣಿಸ್ತಿತ್ತು, ಒಂದಕ್ಷರ ಕೇಳಿಸ್ಲಿಲ್ಲ.”

“ಟೀಚರ್... ಇದು ಯಾವ ಮನೆ ಅಂತ...”

“ಗೊತ್ತಿಲ್ದೆ ಏನೋ? ನಾನೇ ತಾನೇ ಕರ್ಕೊಂಡು ಬಂದಿದ್ದು! ವಾಪಸ್ ಹೋಗೋಣ ಅಂದ್ರೆ ಕೈ ಆಡಿಸ್ದೆ. ಎರಡೂವರೆ ಸಾವಿರ ಫ್ರಾಂಕಿನ ಮಿಷನ್ನು ಬಿಟ್ಟು ಬರೋಕೆ ನಂಗೇನು ತಲೆ ಕೆಟ್ಟಿದೆಯಾ? ದಿಕ್ಸೂಚಿ ಕೈಗೆ ಕೊಟ್ಟೆ. ಸ್ವಲ್ಪ ಸ್ವಲ್ಪ ಎಡಕ್ಕೆ ತಿರುಗಿಸ್ಕೊಂಡು ಬಂದೆ.”

ಥಿಯೋಗೆ ಕೋಪ ಬರಬೇಕಿತ್ತು, ಬಂದದ್ದು ಮಾತ್ರ ಮೈತುಂಬ ಸಂತೋಷ. ಅವನು ದಾರಿ ತಪ್ಪಿರಲಿಲ್ಲ! ಅಜ್ಜನ ರಕ್ತ ಕೈಕೊಟ್ಟಿರಲಿಲ್ಲ! ಟೀಚರ ಕೈ ಹಿಡಿದು ಕುಲುಕಿಬಿಟ್ಟ.

ಕುಲುಕುತ್ತಿದ್ದಾಗಲೇ ಕಿಟಕಿಯ ಗಾಜು ನಡುಗಿತು. ಮಂಜು ಕಣಿವೆಗೆ ಇಳಿದು ಸಂಜೆ ಬಿಸಿಲು ಬಿದ್ದಿತ್ತು, ಆ ಬಿಸಿಲಿನಲ್ಲಿ ಹೆಲಿಕಾಪ್ಟರೊಂದು ಅಂಗಳಕ್ಕೇ ಇಳಿಯುತ್ತಿತ್ತು.

“ಅತ್ತಿಗೆ, ಏನಿದು?” ಎಂದು ಥಿಯೋ ಅಡುಗೆಮನೆಯಿಂದ ಬಂದ ವೆರೇನಾಳನ್ನು ಕೇಳಿದ.

“ನಾಲ್ಕು ಗಂಟೆಗೆ ರೋಸನ್‌ಬೋಡೆನ್‌ನವರು ಫೋನ್ ಮಾಡಿದ್ರು. ರಿಜಿಸ್ಟರ್‌ನಲ್ಲಿ ಒಂದು ಗಂಟೆ ಅಂತಿದೆ, ಥಿಯೋ ಬಂದಿಲ್ಲ, ಅವನ ಫೋನೂ ಸತ್ತಿದೆ, ಅಲ್ಲಿದಾನಾ ಅಂತ ಕೇಳಿದ್ರು. ಬೆಳಗ್ಗೆನೇ ಹೋದ ಅಂದೆ. ಹಾಗೇ ಹೇಳು ಅಂದೋನು ನೀನೇ ಅಲ್ವಾ?”

ಬಾಗಿಲು ತೆರೆದುಕೊಂಡಿತು. ಬಂದದ್ದು ಬಿನ್‌ಮಾಟ್‌ನ ರಕ್ಷಣಾ ತಂಡ, ಅದರ ಮುಖ್ಯಸ್ಥ ಬೇಕರಿಯ ಪಿರ್ಮಿನ್. ಥಿಯೋನನ್ನು ನೋಡಿದ ಕೂಡಲೇ ಅವನ ಮುಖ ಅಳುವ ಹಾಗಾಯಿತು. “ಬದುಕಿದೀಯಲ್ಲೋ! ನಿನ್ನ ಹೆಂಡ್ತಿಗೆ ಏನು ಹೇಳೋದು ಅಂತ...” ಎಂದವನು ಸುತ್ತ ನೋಡಿದ. ವೆರೇನಾಳನ್ನು ನೋಡಿದ. ಗೋಡೆಯ ಮೇಲಿನ ‘ಆಡ್ಲರ್’ ಹಲಗೆ ನೋಡಿದ. ಅಳು ಮಾಯವಾಗಿ ಮುಖ ನಿಧಾನಕ್ಕೆ ಅರಳಿತು. ಹೆಲಿಕಾಪ್ಟರಿನ ಸದ್ದಿಗೆ ಓಡಿಬಂದ ರೇಟೋ ಕೂಡ ಹಲಗೆ ನೋಡಿ ಕಿರುಚಿದ. “ಇದು ನಾವು ನಿನ್ನೆ ಇದ್ದ ಮನೆನೇ! ಹಾಗಾದ್ರೆ ನನ್ನ ಮುದ್ರೆ?”

“ಅಜ್ಜ ತಾನಾಗೇ ಸುತ್ತಿ ಬಂದಿದ್ದ,” ಎಂದ ಪಿರ್ಮಿನ್, “ಮೊಮ್ಮಗನಿಗೆ ಹೆಲಿಕಾಪ್ಟರೂ ಬೇಕಾಯ್ತಾ, ಗಿರಗಿಟ್ಲೆ?”

ಅವನ ಹಿಂದಿದ್ದ ತಂಡದ ಐವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇಲ್ಲ ಕಣ್ರೋ!” ಥಿಯೋ ಕೂಗಿದ. “ನಾನು ದಾರಿ ತಪ್ಪಲಿಲ್ಲ! ದಿಕ್ಸೂಚಿ ಟೀಚರ ಹತ್ರ ಇತ್ತು! ಅವರೇ ಬೇಕಂತ ತಿರುಗಿಸಿದ್ದು. ಹೇಳಿ ಟೀಚರ್, ಒಂದ್ಮಾತು ಹೇಳಿ!”

ಎಲ್ಲರೂ ಒಟ್ಟಿಲಿ ಟೀಚರ ಕಡೆ ತಿರುಗಿದರು. ಎದುರಿಗೆ ನಿಂತಿದ್ದ ಆರು ಮಂದಿಯೂ ಆಕೆಯ ಹತ್ತಿರ ಭೂಗೋಳ ಕಲಿತವರೇ. ಆದರೆ ಅಷ್ಟು ಹೊತ್ತಿಗೆ ಆಕೆಯ ಎರಡೂ ಕಿವಿ ಖಾಲಿಯಾಗಿದ್ದವು. ಮಿಷನ್ನಿನ ಡಬ್ಬಿ ಕೋಟಿನ ಜೇಬಿನಲ್ಲಿ ಉಬ್ಬಿಕೊಂಡಿತ್ತು.

“ಪಾಪ, ಥಿಯೋ ಏನೋ ಹೇಳ್ತಿದಾನೆ,” ಎಂದರು ಟೀಚರು ಅಕ್ಕರೆಯಿಂದ. “ನಂಗೊಂದೂ ಕೇಳಿಸ್ತಿಲ್ಲ ಕಣೋ, ಪಿರ್ಮಿನ್. ಚಿಕ್ಕಂದಿನಿಂದಲೂ ಅವನಿಗೆ ನಕ್ಷೆ ಅಂದ್ರೆ ಅಷ್ಟಕ್ಕಷ್ಟೇ.”

ಹೆಲಿಕಾಪ್ಟರು ಹೊರಟಿತು. ಅದು ಬಿನ್‌ಮಾಟ್ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆಂದು ಥಿಯೋಗೆ ಗೊತ್ತಿತ್ತು. ಕಂಬದ ಹಾಗೆ ನಿಂತಿದ್ದವನ ಹೆಗಲ ಮೇಲೆ ವೆರೇನಾ ಕೈಯಿಟ್ಟಳು.

“ಯಾರಿಗೂ ಹೇಳಬೇಡ ಅಂದೆ, ನಾನು ಹೇಳ್ಲಿಲ್ಲ. ನನ್ನ ಮಾತು ನಾನು ಉಳಿಸ್ಕೊಂಡೆ, ಅಲ್ವಾ?”

ಥಿಯೋ ಅಡುಗೆಮನೆಗೆ ಹೋಗಿ, ಅರವತ್ತು ಕಿಲೋ ಒಲೆಗೆ ಹಗ್ಗ ಬಿಗಿದು ಬೆನ್ನಿಗೇರಿಸಿಕೊಂಡ. ಮುಖ ನೆಲಕ್ಕೆ ತಾಗುವಷ್ಟು ಬಗ್ಗಿತು. ಬಾಗಿಲು ಎಲ್ಲಿದೆಯೆಂದು ಕಾಣಲಿಲ್ಲ. ಆಗ ಹಿಂದಿನಿಂದ, ನಲವತ್ತು ವರ್ಷದ ಅಭ್ಯಾಸದ ಆ ದನಿ ಬಂತು.

“ಸ್ವಲ್ಪ ಎಡಕ್ಕೆ, ಥಿಯೋ.”