ರುದ್ರಪ್ಪನವರಿಗೆ ಎಂಟು ವರ್ಷ

ಮನೆಯ ಸಾಮಾನನ್ನು ಅಂಗಡಿಗೆ ಒಯ್ಯುವುದು ನಮ್ಮ ವಂಶದ ಹಳೇ ಚಾಳಿ. ಅಪ್ಪ ಚನ್ನಗಿರಿಯಲ್ಲಿ ಲಗ್ನಪತ್ರಿಕೆಯ ಪ್ರೆಸ್ಸು ತೆರೆದಾಗ ಅಮ್ಮನ ಲಟ್ಟಣಿಗೆ ಮಡಿಸಿದ ಕಾಗದವನ್ನು ಉಜ್ಜಿ ಕೂರಿಸುವ ಕೆಲಸಕ್ಕೆ ಸೇರಿತಂತೆ. ಅದು ವಾಪಸು ಬರುವತನಕ ನಮ್ಮ ಮನೆಯಲ್ಲಿ ಚಪಾತಿ ಇಲ್ಲ, ಕೈಯಲ್ಲಿ ತಟ್ಟುವ ರೊಟ್ಟಿಯೇ. ಹಾಗಾಗಿ ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲೂ ಅಂಗಡಿ ತೆರೆದು ನಾನು ನಾಲ್ಕು ಕಂಪ್ಯೂಟರ್ ಕೊಂಡಾಗ, ನಾಲ್ಕಕ್ಕೂ ವಿಂಡೋಸಿನ ಹೋಮ್ ಎಡಿಷನ್ನೇ ಸಾಕು ಅಂದದ್ದರಲ್ಲಿ ನನ್ನ ತಪ್ಪೇನೂ ಇಲ್ಲ. ರಕ್ತದಲ್ಲೇ ಬಂದದ್ದು.

ಮಾರುವವನು ಬೇಡ ಅಂದಿದ್ದ. "ಅದು ಮನೆಗೆ ಮಾಡಿದ್ದು ಸಾರ್. ನಾಲ್ಕೂ ಮಷೀನು ಒಂದೇ ಕಡೆಯಿಂದ ಹಿಡಿತದಾಗೆ ಇಡಾಕೆ ಬರಲ್ಲ. ಅಂಗಡಿಗೆ ಅಂತಾನೇ ಇರೋ ಪ್ರೊ ಹಾಕ್ಸಿರಿ." ನಾನು ಎದೆಯುಬ್ಬಿಸಿ, "ನಮ್ಮ ಅಂಗಡೀನೂ ಒಂದು ಮನೆ ಇದ್ದಂಗೆ ಐತಪ್ಪಾ" ಅಂದೆ. ಈ ಮಾತನ್ನು ದೇವರು ಕೇಳಿಸಿಕೊಂಡುಬಿಟ್ಟ.

ಎರಡೇ ತಿಂಗಳಲ್ಲಿ ಅವನ ಮಾತು ನಿಜವಾಯಿತು. ಜಗಳೂರಿನ ತಿಪ್ಪೇಶಿ ಪತ್ರಿಕೆಯ ಡಿಸೈನು ಮಾಡುವ ಹೊತ್ತಿನಲ್ಲಿ ಇಸ್ಪೀಟು ಆಡುತ್ತಾನೆಂದು ಗೊತ್ತಾಯಿತು. ಇಲ್ಲಿ ಕೂತು ತಡೆಯಲು ದಾರಿಯಿಲ್ಲ. ಮನೆಯಲ್ಲಿ ಗೊಣಗುತ್ತಿದ್ದಾಗ ನನ್ನ ಹೆಂಡತಿ ಗಿರಿಜ, ಮೇಡಂ ಬೇರೆ, ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಟ್ಟವಳು, "ಇದರಾಗೆ ಮಕ್ಕಳನ್ನ ಕಾಯೋ ವ್ಯವಸ್ಥೆ ಐತಲ್ರೀ" ಅಂದಳು. ತಾಯಿ ತನ್ನ ಫೋನಿನಿಂದಲೇ ಮಕ್ಕಳ ಕಂಪ್ಯೂಟರಿಗೆ ಇಷ್ಟು ತಾಸು ಅಂತ ಮಿತಿ ಹಾಕಬಹುದಂತೆ. ಆಟ ಮುಚ್ಚಬಹುದಂತೆ. ಆದರೆ ದೊಡ್ಡವರಿಗೆ ಮಿತಿ ಹಾಕಲು ಬರುವುದಿಲ್ಲ. ಅದಕ್ಕೇನಂತೆ? ಅವಳು ಒಂದು ಭಾನುವಾರ ಕೂತು ನಮ್ಮ ಸಿಬ್ಬಂದಿಯನ್ನೆಲ್ಲ ತನ್ನ ಮಕ್ಕಳಾಗಿ ದಾಖಲು ಮಾಡಿದಳು. ಎಲ್ಲರಿಗೂ ಎಂಟು ವರ್ಷ, ದಿನಕ್ಕೆ ಹತ್ತು ತಾಸು. ಇಸ್ಪೀಟು ನಿಂತಿತು. ನಾವಿಬ್ಬರೂ ಖುಷಿಯಿಂದ ಕಾಫಿ ಕುಡಿದೆವು. ಮಕ್ಕಳಿಗೆ ಮಾತ್ರ ಹೇಳಲಿಲ್ಲ.

ಹೊನ್ನಾಳಿ ಅಂಗಡಿಯ ರುದ್ರಪ್ಪನವರು ಅಪ್ಪನ ಕಾಲದಲ್ಲಿ ಪ್ರೆಸ್ಸಿನ ಅಚ್ಚಿನ ಮೊಳೆ ಜೋಡಿಸಿದವರು. ಅರವತ್ತು ದಾಟಿದೆ, ಮೂರು ಮೊಮ್ಮಕ್ಕಳಿದ್ದಾರೆ. ಊರಿನವರು ಅಂಗಡಿಗೆ ಬರುವುದು ನನ್ನ ಹೆಸರಿಗಲ್ಲ, ಅವರ ಮುಖ ನೋಡಿ. ಹೋದ ತಿಂಗಳು ಒಂದು ದಿನ ಮದುವೆ ಸೀಸನ್ನು ಅಂತ ಬೆಳಿಗ್ಗೆ ಆರಕ್ಕೇ ಬಂದು ಕೂತಿದ್ದರು. ತ್ಯಾವಣಿಗೆ ಊರಿನವರೊಬ್ಬರ ಲಗ್ನಪತ್ರಿಕೆ. ಮೊದಲ ಪ್ರತಿಗೆ ಅರಿಶಿನ ಹಚ್ಚಿ ಅಂದೇ ಹೊತ್ತು ಮುಳುಗುವುದರೊಳಗೆ ಮನೆದೇವರ ಮುಂದೆ ಇಡಬೇಕು. ಕರಡು ನೋಡಿದರೆ ಹುಡುಗಿಯ ಸೋದರಮಾವನ ಹೆಸರೇ ಬಿಟ್ಟುಹೋಗಿತ್ತು. ನಮ್ಮ ಕಡೆ ವರನ ಹೆಸರು ಬಿಟ್ಟರೂ ಸಮಾಧಾನ ಮಾಡಬಹುದು, ಸೋದರಮಾವನ ಹೆಸರು ಬಿಟ್ಟರೆ ಮುಗಿಯಿತು. ಆ ಮಾವನವರೇ ಬಂದು ಸ್ಟೂಲಿನ ಮೇಲೆ ಕೂತು, "ನನ್ನ ಹೆಸರು ಬರೋತನಕ ಏಳಂಗಿಲ್ಲ. ಬರಲಿಲ್ಲಾಂದ್ರೆ ಮದುವಿಗೂ ಬರಂಗಿಲ್ಲ" ಅಂದರು.

ರುದ್ರಪ್ಪನವರು ಹೆಸರು ಹೊಡೆಯುತ್ತಿದ್ದಂತೆ ಪರದೆ ಮುಚ್ಚಿಕೊಂಡಿತು. 'ಇವತ್ತಿನ ನಿನ್ನ ಸಮಯ ಮುಗಿಯಿತು. ತಾಯಿಯ ಅನುಮತಿ ಕೇಳು.' ಬೆಳಿಗ್ಗೆ ಆರಕ್ಕೆ ಕೂತವರಿಗೆ ನಾಲ್ಕಕ್ಕೆ ಹತ್ತು ತಾಸು ಆಗಿತ್ತು.

ಮಾವನವರು ಕನ್ನಡಕ ಏರಿಸಿ ಓದಿದರಂತೆ. "ಅಲ್ರೀ ರುದ್ರಪ್ಪ, ನಿಮ್ಮ ತಾಯಿ ತೀರಿ ಎಷ್ಟು ವರ್ಷ ಆತು?"

ರುದ್ರಪ್ಪನವರು ನನಗೆ ಫೋನು ಮಾಡಿದರು. ನಾನು ತಡವರಿಸುತ್ತ ಸತ್ಯ ಹೇಳಿದೆ. "ನಿಮ್ಮನ್ನ ಎತ್ತಿ ಆಡಿಸಿದೋನು ನಾನು. ನನಗೆ ಎಂಟು ವರ್ಷ ಮಾಡಿದ್ರಾ? ಇವತ್ತಿನ ಕಾರ್ಡು ಹೋಗ್ಲಿ, ನಾಳಿಂದ ಕೀಲಿಕೈ ನೀವೇ ಇಟ್ಕಳ್ರಿ" ಅಂದರು. ನನಗೆ ಜೀವವೇ ಹಾರಿಹೋಯಿತು. ಅವರು ಹೋದರೆ ಹೊನ್ನಾಳಿ ಅಂಗಡಿ ಹೋದಂತೆ, ಅದಕ್ಕಿಂತ ಹೆಚ್ಚಾಗಿ, ಅಪ್ಪ ಇದ್ದಿದ್ದರೆ ಅದೇ ಲಟ್ಟಣಿಗೆಯಲ್ಲಿ ಬಾರಿಸುತ್ತಿದ್ದರು.

ಗಿರಿಜ ಆ ದಿನ ತರಬೇತಿಗೆಂದು ಜಗಳೂರಿಗೆ ಹೋಗಿದ್ದಳು, ಫೋನು ಬ್ಯಾಗಿನಲ್ಲಿ. ಹತ್ತು ಸಲ ಹೊಡೆದೆ, ಎತ್ತಲಿಲ್ಲ. ಕೊನೆಗೆ ತಿಪ್ಪೇಶಿಗೆ ಹೇಳಿದೆ. ಅವನು ಬೈಕಿನಲ್ಲಿ ಹಾರಿ, ತರಬೇತಿಯ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕಾರೆ, ಸಾಹುಕಾರ್ರು ಜಲ್ದಿ ಫೋನು ಮಾಡಾಕೆ ಹೇಳ್ಯಾರೆ" ಅಂದನಂತೆ. ಅವಳು ಗಾಬರಿಯಿಂದ ಹೊರಗೆ ಬಂದು ಫೋನು ಮಾಡಿದಳು. "ಏನಾತ್ರೀ? ಎದಿ ನೋವಾ?"

"ನನಗೇನಿಲ್ಲ ಮಾರಾಯ್ತಿ. ರುದ್ರಪ್ಪನವರಿಗೆ ಒಂದು ತಾಸು ಕೊಡು!"

ಅವಳು ಬೈಯುವುದನ್ನು ಆಮೇಲಿಗೆ ಇಟ್ಟುಕೊಂಡು ಬೆರಳು ಒತ್ತಿದಳು. ಹೊನ್ನಾಳಿಯಲ್ಲಿ ಪರದೆ ತೆರೆಯಿತು, ಹೆಸರು ಬಿತ್ತು, ಪ್ರಿಂಟರ್ ಗರಗರ ಅಂದಿತು. ಮಾವನವರು ಬಿಸಿ ಕಾರ್ಡನ್ನು ಜೇಬಿಗೆ ಇಟ್ಟುಕೊಂಡು ಏಳುವಾಗ ರುದ್ರಪ್ಪನವರ ಬೆನ್ನು ತಟ್ಟಿ, "ಸಿಟ್ಟು ಯಾಕೋ ರುದ್ರ? ನಮ್ಮನ್ನ ಎಂಟು ವರ್ಷದೋನು ಅನ್ನೋರು ಇನ್ನ ಯಾರದಾರೆ ಹೇಳು" ಅಂದರಂತೆ. ಇಬ್ಬರೂ ನಕ್ಕು, ನಗುತ್ತಲೇ ನನಗೆ ಮತ್ತೆ ಫೋನು ಮಾಡಿದರು. ಆ ನಗು ಕೇಳಿ ನಾನು ಕುರ್ಚಿಯಲ್ಲಿ ಕುಸಿದು ಒಂದು ಚೊಂಬು ನೀರು ಕುಡಿದೆ. ಅಬ್ಬಾ, ಅಂಥ ರುಚಿಯ ನೀರು ಹಿಂದೆಂದೂ ಕುಡಿದಿರಲಿಲ್ಲ.

ಮರುವಾರವೇ ಮೂರೂ ಊರಿನ ಕಂಪ್ಯೂಟರಿಗೆ ಪ್ರೊ ಹಾಕಿಸಿದೆ. ನಾನೇ ಹೊನ್ನಾಳಿಗೆ ಹೋಗಿ, ರುದ್ರಪ್ಪನವರ ಕಾಲು ಮುಟ್ಟಿ, ಅವರನ್ನು ಮತ್ತೆ ದೊಡ್ಡವರನ್ನಾಗಿ ಮಾಡಿ ಬಂದೆ. ಕೀಲಿಕೈ ಅವರ ಉಡುದಾರದಲ್ಲೇ ಇದೆ.

ಇನ್ನು ಚನ್ನಗಿರಿಯ ನನ್ನ ಕಂಪ್ಯೂಟರು. ಅದಕ್ಕೂ ಹಾಕಿಸಲು ಹೊರಟಾಗಲೇ ನನಗೆ ಗೊತ್ತಾದದ್ದು, ಆ ಭಾನುವಾರದ ಪಟ್ಟಿಯಲ್ಲಿ ನಾನೂ ಇದ್ದೆ. ನನಗೆ ಏಳು ವರ್ಷ. ಒಂದೇ ದಿನ ಹತ್ತು ತಾಸು ಕೂತವನಲ್ಲ, ಹಾಗಾಗಿ ಅಲ್ಲಿಯತನಕ ಗೊತ್ತಾಗಿರಲಿಲ್ಲ. "ನಿಮಗ್ಯಾಕೆ ಪ್ರೊ? ಇರ್ಲಿ ಬಿಡ್ರಿ" ಅಂದಳು ಗಿರಿಜ. ಇರಲಿ ಅಂತ ಬಿಟ್ಟೆ. ಈಗ ಅವಳು ಹೊಸದಾಗಿ ಹಾಕಿದ ಮಿತಿಯಂತೆ ಸಂಜೆ ಏಳಕ್ಕೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ, ನಾನು ಮನೆಗೆ ಹೋಗಿ ಬಿಸಿ ರೊಟ್ಟಿ ತಿನ್ನುತ್ತೇನೆ. ಈ ಪ್ರಬಂಧ ಬರೆಯುವಾಗ ಮಾತ್ರ ಸಮಯ ಸಾಲದೆ ಹದಿನೈದು ನಿಮಿಷ ಹೆಚ್ಚಿಗೆ ಕೇಳಿದೆ. ಅವಳು ಹತ್ತು ಕೊಟ್ಟಳು.