ಈರುಳ್ಳಿಯ ಗುಂಡು ಜೀವಕೋಶ

ಈ ವಿಷಯವನ್ನು ಬರೆಯಬೇಕೆಂದು ನಾನು ಕುಳಿತು ಎದ್ದದ್ದು ಎಷ್ಟು ಸಲವೋ ಲೆಕ್ಕ ತಪ್ಪಿದೆ. ಒಮ್ಮೆ ಪೆನ್ನು ಬರೆಯಲಿಲ್ಲ. ಇನ್ನೊಮ್ಮೆ ಕನ್ನಡಕದ ಕಾಲು ಮುರಿಯಿತು. ಅದನ್ನು ನಾನೇ ಮುರಿದೆನೆಂದು ನನ್ನ ಹೆಂಡತಿಗೆ ಈಗಲೂ ಅನುಮಾನ. ಮತ್ತೊಮ್ಮೆ ಎಲ್ಲವೂ ಸರಿಯಾಗಿತ್ತು, ಆದರೆ ಅಂದು ಅಮಾವಾಸ್ಯೆ. ಅಮಾವಾಸ್ಯೆಯಂದು ತಪ್ಪೊಪ್ಪಿಗೆ ಬರೆಯಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ, ನಾನೇ ಸೇರಿಸಿಕೊಂಡೆ. ಇಂದು ಪೆನ್ನು ಬರೆಯುತ್ತಿದೆ, ಕನ್ನಡಕ ಗಟ್ಟಿಯಾಗಿದೆ, ತಿಥಿಯೂ ದಶಮಿ. ಇನ್ನು ನೆಪ ಉಳಿದಿಲ್ಲ.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಚಾಮರಾಜನಗರದ ಒಂದು ಪ್ರೌಢಶಾಲೆಯಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದೆ. ಲ್ಯಾಬ್ ಎಂದರೆ ಎರಡು ಬೀರು, ಒಂದು ಅಸ್ಥಿಪಂಜರದ ಚಿತ್ರಪಟ, ಮತ್ತು ಒಂದೇ ಒಂದು ಸೂಕ್ಷ್ಮದರ್ಶಕ. ಅದರ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಹೀಗಾಗಿ ವಿಜ್ಞಾನವೂ ನನ್ನ ಸೊಂಟದಲ್ಲೇ ಇದೆಯೆಂದು ನಾನು ನಂಬಿದ್ದೆ. ವರ್ಷಕ್ಕೊಮ್ಮೆ ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠ ಬರುತ್ತಿತ್ತು. ವಿಜ್ಞಾನದ ಮೇಷ್ಟ್ರು ಅದನ್ನು ಹರಿಕಥೆಯ ಹಾಗೆ ಹೇಳುತ್ತಿದ್ದರು, ನಾನು ಟ್ರೇ ಹಿಡಿದು ಗೋಡೆಗೊರಗಿ ನಿಂತು ಕೇಳುತ್ತಿದ್ದೆ. ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನವನೊಬ್ಬ ಬಾಟಲಿಯ ಬಿರಡೆಯ ಮರವನ್ನು ತೆಳ್ಳಗೆ ಸೀಳಿ ನೋಡಿದನಂತೆ. ಸನ್ಯಾಸಿಗಳ ಕೋಣೆಯಂತಹ ಪುಟ್ಟ ಪುಟ್ಟ ಗೂಡುಗಳು ಕಂಡವಂತೆ. ಎಲ್ಲವೂ ಖಾಲಿ. ಒಳಗಿದ್ದ ಜೀವ ಎಂದೋ ಹೋಗಿತ್ತು, ಅವನು ಗೋಡೆಗಳನ್ನು ನೋಡಿಯೇ ಹೆಸರಿಟ್ಟ. ಆಮೇಲೆ ಹಾಲೆಂಡಿನ ಒಬ್ಬ ಬಟ್ಟೆ ವ್ಯಾಪಾರಿ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಕೆರೆಯ ನೀರು ನೋಡಿ, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡು ಬೆಚ್ಚಿಬಿದ್ದ. ಮುಂದೆ ಜರ್ಮನಿಯವರು ಇಬ್ಬರು, ಗಿಡ ನೋಡುವವನೊಬ್ಬ, ಪ್ರಾಣಿ ನೋಡುವವನೊಬ್ಬ, ಊಟವಾದ ಮೇಲೆ ಮಾತಾಡುತ್ತ ಕುಳಿತಾಗ ಎರಡೂ ಒಂದೇ ಬಗೆಯ ಕೋಶಗಳಿಂದಾದವು ಎಂದು ಅವರಿಗೆ ಹೊಳೆಯಿತು. ಆದರೆ ಹೊಸ ಕೋಶ ಹುಟ್ಟುವುದು ಹೇಗೆ ಎಂದರೆ, ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವ ಹಾಗೆ ಎಂದುಬಿಟ್ಟರು. ಅದು ತಪ್ಪು. ಕೊನೆಗೆ ದೊಡ್ಡ ಡಾಕ್ಟರೊಬ್ಬ ಬಂದು, ಕೋಶದಿಂದಲೇ ಕೋಶ ಎಂದ. ಅಲ್ಲಿಗೆ ಮೇಷ್ಟ್ರ ಕಥೆ ಮುಗಿಯುತ್ತಿತ್ತು, ಪರೀಕ್ಷೆಯ ಪ್ರಶ್ನೆಯೂ ಮುಗಿಯುತ್ತಿತ್ತು.

ಬಳಿಕ ನನ್ನ ಸರದಿ. ಬಿಸಿಯೂಟದ ಅಡುಗೆಮನೆಯಿಂದ ಒಂದು ಈರುಳ್ಳಿ ತಂದು, ಬ್ಲೇಡಿನಿಂದ ಹೆರೆದು, ಗಾಜಿನ ಮೇಲಿಟ್ಟು, ಅಯೋಡಿನ್ ಹಾಕಿ, ಮೇಲೊಂದು ತೆಳು ಗಾಜಿನ ಬಿಲ್ಲೆಯನ್ನು ಟಪ್ಪೆಂದು ಬಿಡುತ್ತಿದ್ದೆ. ಕಣ್ಣಿಟ್ಟರೆ ದಪ್ಪ ಕಪ್ಪು ಅಂಚಿನ ದುಂಡನೆಯ ಒಂದು ವಸ್ತು ಕಾಣುತ್ತಿತ್ತು. ಮಕ್ಕಳು ಸಾಲಾಗಿ ಬಂದು ನೋಡಿ ಅದನ್ನೇ ಬರೆಯುತ್ತಿದ್ದರು. ಪುಸ್ತಕದಲ್ಲಿ ಇಟ್ಟಿಗೆ ಜೋಡಿಸಿದಂತೆ ಉದ್ದುದ್ದ ಕೋಶಗಳಿದ್ದವು. ಒಬ್ಬಳು ಹುಡುಗಿ ಕೇಳಿಯೂ ಬಿಟ್ಟಳು. ನಾನು ಗಂಭೀರವಾಗಿ, "ಅದು ಬೇರೆ ದೇಶದ ಈರುಳ್ಳಿ ಕಣಮ್ಮಿ. ಇದು ನಮ್ ಗುಂಡ್ಲುಪೇಟೆ ಸಣ್ಣೀರುಳ್ಳಿ, ಇದರದು ಗುಂಡಗೇ ಇರ್ತದೆ" ಎಂದೆ. ಮೇಷ್ಟ್ರು ತಲೆಯಾಡಿಸಿದರು. ಅವರು ಕೊಳವೆಯೊಳಗೆ ನೋಡುತ್ತಿರಲಿಲ್ಲ. ಕನ್ನಡಕ ತೆಗೆದರೆ ಅವರಿಗೆ ಏನೂ ಕಾಣದು, ಹಾಕಿಕೊಂಡರೆ ಕೊಳವೆಗೆ ತಾಗುತ್ತಿತ್ತು. ಹೀಗೆ ಹನ್ನೊಂದು ವರ್ಷಗಳ ಕಾಲ ಮಕ್ಕಳು ಗುಂಡು ಜೀವಕೋಶ ಬರೆದರು. ಅವರಲ್ಲೊಬ್ಬ ಈಗ ಡಾಕ್ಟರಾಗಿ ನನ್ನ ಬಿಪಿ ನೋಡುತ್ತಾನೆ. ಅವನು ನನ್ನ ತೋಳಿಗೆ ಪಟ್ಟಿ ಸುತ್ತಿದಾಗಲೆಲ್ಲ ಬಿಪಿ ಏರಿಯೇ ಇರುತ್ತದೆ.

ಹನ್ನೆರಡನೆಯ ವರ್ಷ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಗೊತ್ತಾಯಿತು. ಹಿಂದಿನ ದಿನ ಈರುಳ್ಳಿಗೆ ಹೋದಾಗ ಬಿಸಿಯೂಟದ ಅಡುಗೆಯವಳು ಕೇಳಿದಳು. "ಅಣ್ಣ, ವರ್ಸ ವರ್ಸವೂ ಈರುಳ್ಳಿ ತಗೊಂಡೋಯ್ತೀರಿ. ಅದರೊಳಗೆ ಅಂತಾದ್ದೇನದೆ? ನಾನೂ ಒಂದ್ಸಲ ನೋಡ್ಲಾ?" ಬಡಿಸುವುದು ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಹಳ ಹೊತ್ತು ನೋಡಿದಳು.

"ಇದು ಗುಳ್ಳೆ ಕಣಣ್ಣ."

"ಜೀವಕೋಶ ಕಣಮ್ಮಿ."

"ಅದೆಂತ ಜೀವಕೋಸ? ಒತ್ತಿದ್ರೆ ಓಡೋಯ್ತದೆ ನೋಡಿ" ಎಂದು ಬಿಲ್ಲೆಯ ಅಂಚನ್ನು ಬೆರಳಿನಿಂದ ಅದುಮಿದಳು. ನಾನು ಬಗ್ಗಿ ನೋಡಿದೆ. ಹನ್ನೊಂದು ವರ್ಷ ಪಾಠ ಹೇಳಿದ ಜೀವಕೋಶ ಪಕ್ಕಕ್ಕೆ ಜಾರಿ, ಅಂಚಿಗೆ ಬಂದು, ಒಡೆದುಹೋಯಿತು. ಬರೀ ಗಾಳಿ.

"ಇಡ್ಲಿ ತಟ್ಟೆಗೆ ಒದ್ದೆಬಟ್ಟೆ ಆಸಲ್ವಾ ಅಣ್ಣ, ಒಟ್ಗೇ ಎಸೆದ್ಬುಟ್ರೆ ಕೆಳಗೆ ಗಾಳಿ ಸಿಕ್ಕೊಂತದೆ. ಒಂದ್ ಕಡೆಯಿಂದ ಮೆಲ್ಲಗೆ ಇಳಿಸ್ಬೇಕು" ಎಂದು ಬಿಲ್ಲೆಯನ್ನು ಸೂಜಿಯಿಂದ ಓರೆಯಾಗಿ ಹಿಡಿದು ಇಳಿಸಿದಳು. ಅದಕ್ಕೂ ಮೊದಲು ನನ್ನ ಬ್ಲೇಡನ್ನು ಪಕ್ಕಕ್ಕೆ ಸರಿಸಿ, ಈರುಳ್ಳಿಯ ಒಂದು ಪದರವನ್ನು ಹಿಂದಕ್ಕೆ ಮುರಿದು, ಒಳಗಿನ ಪೊರೆಯನ್ನು ಸೊಳ್ಳೆಪರದೆಗಿಂತ ತೆಳ್ಳಗೆ ಎಳೆದು ತೆಗೆದಿದ್ದಳು. ನೋಡಿದೆ. ಸಾಲು ಸಾಲು ಇಟ್ಟಿಗೆ, ಒಂದೊಂದರಲ್ಲೂ ಒಂದು ಚುಕ್ಕಿ. ಪುಸ್ತಕದಲ್ಲಿ ಇದ್ದದ್ದು ನಿಜ, ಅದೂ ನಮ್ಮ ಗುಂಡ್ಲುಪೇಟೆಯ ಸಣ್ಣೀರುಳ್ಳಿಯಲ್ಲಿ! ಕಣ್ಣಲ್ಲಿ ನೀರು ಬಂತು. ಈರುಳ್ಳಿ ಖಾರ ಎಂದೆ.

ಮರುದಿನ ಅವಳೇ ಹೊಸದಾಗಿ ಮಾಡಿಕೊಟ್ಟ ಸ್ಲೈಡನ್ನು ನೋಡಿ ಸಾಹೇಬರು ತಲೆಯೆತ್ತಿದರು. "ಇಷ್ಟು ಚೆನ್ನಾಗಿ ಎಲ್ಲೂ ನೋಡಿರಲಿಲ್ಲ. ಯಾರು ಮಾಡಿದ್ದು?" ಅವಳು ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಾನು "ನಾನೇ ಸಾರ್" ಎಂದೆ. ಅವಳು ಕಾಫಿ ಇಟ್ಟು ಹೋದಳು. ಸಾಹೇಬರು ಹೊರಡುವಾಗ, "ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಲ್ಯಾಬಿಗೆ ಜನ ಬೇಕು. ಎಸ್‌ಎಸ್‌ಎಲ್‌ಸಿ ಆಗಿದ್ದರೆ ಸಾಕು. ನಿಮ್ಮಂಥ ಕೈ ಇರುವವರು ಯಾರಾದರೂ ಗೊತ್ತಿದ್ದರೆ ಹೇಳಿ" ಎಂದರು.

ಅವಳು ಎಸ್‌ಎಸ್‌ಎಲ್‌ಸಿ ಪಾಸಾದವಳು. ಈ ಮಾತು ಅವಳ ಕಿವಿಗೂ ಬಿದ್ದು, ಸಂಜೆ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬಂದು, "ಅಣ್ಣ, ನನ್ ಎಸ್ರು ಏಳ್ತೀರಾ? ಒಲೆ ಒಗೇಲಿ ಕಣ್ಣು ಓಯ್ತಾ ಅದೆ ಕಣಣ್ಣ" ಎಂದಳು. ಹೇಳ್ತೀನಿ ಎಂದೆ. ಹೇಳಲಿಲ್ಲ. ಹೇಳಿದರೆ, ಅಡುಗೆಯವಳಿಗೆ ಸ್ಲೈಡು ಮಾಡಲು ಹೇಗೆ ಬಂತು ಎಂದು ಸಾಹೇಬರು ಕೇಳುತ್ತಾರಲ್ಲ! ಎರಡು ವಾರದ ನಂತರ ಅವಳೇ ಕೇಳಿದಾಗ, "ಆ ಕೆಲಸ ಆಗಲೇ ತುಂಬೋಯ್ತಂತೆ ಕಣಮ್ಮಿ" ಎಂದೆ. "ಬುಡಿ ಅಣ್ಣ, ನೀವಾದ್ರೂ ಏಳಿದ್ರಲ್ಲ" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅದೇ ತಿಂಗಳು ಸ್ಲೈಡು ಮಾಡುವ ವಿಧಾನ ಕಲಿಸಲು ನನ್ನನ್ನು ಗುಂಡ್ಲುಪೇಟೆಯ ಅದೇ ಶಾಲೆಗೆ ಕರೆಸಿದರು. ಇಡ್ಲಿ ಬಟ್ಟೆಯ ಹೋಲಿಕೆಗೆ ಚಪ್ಪಾಳೆ ಬಿತ್ತು. ಎಲ್ಲಿ ಕಲಿತಿರಿ ಎಂದು ಒಬ್ಬರು ಕೇಳಿದರು. ಅನುಭವ ಎಂದೆ. ಲ್ಯಾಬಿನವರ ಕುರ್ಚಿ ಇನ್ನೂ ಖಾಲಿಯೇ ಇತ್ತು. ಸನ್ಮಾನದ ಶಾಲು ಹೊದಿಸುವಾಗ ನನ್ನನ್ನು ಅದರಲ್ಲೇ ಕೂರಿಸಿದರು.

ಇದೆಲ್ಲ ಮರೆತಂತೆಯೇ ಇತ್ತು. ಡಿಗ್ರಿ ಓದುವ ಮೊಮ್ಮಗಳು ಈಚೆಗೆ ಜೀವಕೋಶದ ಪಾಠವನ್ನು ಜೋರಾಗಿ ಓದುತ್ತಿದ್ದಳು. ನಾನು ಗತ್ತಿನಿಂದ, "ಕೋಶದಿಂದಲೇ ಕೋಶ, ದೊಡ್ಡ ಡಾಕ್ಟರು ಹೇಳಿದ್ದು" ಎಂದೆ. "ಇಲ್ಲ ತಾತ, ಕೋಳಿಮೊಟ್ಟೆಯೊಳಗಿನ ಮರಿಯ ರಕ್ತದಲ್ಲಿ ಒಂದು ಕೋಶ ಎರಡಾಗೋದನ್ನ ಬೇರೊಬ್ಬರು ಮೊದಲೇ ನೋಡಿ ಬರೆದಿದ್ರು. ಅವರ ಧರ್ಮದ ಕಾರಣಕ್ಕೆ ಅವರಿಗೆ ಸಿಗಬೇಕಾದ ಹುದ್ದೇನೂ ಕೊಟ್ಟಿರಲಿಲ್ಲ. ಈ ದೊಡ್ಡ ಡಾಕ್ಟರು ಅವರ ಹೆಸರೇ ಎತ್ತದೆ ತಾವೇ ಕಂಡುಹಿಡಿದ ಹಾಗೆ ಬರೆದ್ಬಿಟ್ರು. ಮೋಸ ಅಲ್ವಾ ತಾತ?" ನನಗೆ ಕೆಮ್ಮು ಬಂತು.

ಮರುದಿನವೇ ಸಂತೆಮರಹಳ್ಳಿಯ ಬಸ್ಸು ಹತ್ತಿದೆ. ಆ ಅಡುಗೆಯವಳು ಈಗ ಅಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕ ಚಿಕ್ಕ ಹೋಟೆಲು ಇಟ್ಟುಕೊಂಡಿದ್ದಾಳೆ. ಒಲೆಯ ಮುಂದೆಯೇ ಇದ್ದಳು. ಕಣ್ಣು ಕಿರಿದುಮಾಡಿ ನೋಡಿ ಗುರುತು ಹಿಡಿದಳು. "ಅಯ್ಯೋ ಅಣ್ಣೋ! ಬನ್ನಿ ಬನ್ನಿ." ಮೊದಲ ಇಡ್ಲಿ ಮುಗಿದ ಮೇಲೆ ಹೇಳೋಣವೆಂದುಕೊಂಡೆ. ಎರಡನೆಯದಾಯಿತು, ಮೂರನೆಯದಾಯಿತು.

"ಏನಣ್ಣ, ಏನೋ ಏಳಕ್ ಬಂದಂಗದೆ?"

"ಚಟ್ನಿ ಚೆನ್ನಾಗದೆ ಕಣಮ್ಮಿ."

ಅಷ್ಟರಲ್ಲಿ ಪಕ್ಕದಲ್ಲಿ ತಿನ್ನುತ್ತಿದ್ದವರಿಗೆ ಅವಳು ನನ್ನ ಪರಿಚಯ ಮಾಡಿಕೊಟ್ಟಳು. "ನಮ್ ಸ್ಕೂಲಿನವ್ರು. ದೊಡ್ ಮನ್ಸ. ಗುಂಡ್ಲುಪೇಟೆ ಕೆಲ್ಸಕ್ಕೆ ಸಾಯೇಬ್ರಿಗೆ ನನ್ ಎಸ್ರು ಏಳಿದ್ರು. ನಂಗೆ ಅದೃಷ್ಟ ಇರ್ನಿಲ್ಲ, ಅದು ಬೇರೆ. ಇವತ್ತಿನ ಕಾಲ್ದಲ್ಲಿ ಯಾರ್ ಏಳ್ತಾರೆ?" ಅವರು ನನಗೆ ಕೈ ಮುಗಿದರು. ನಾನೂ ಮುಗಿದೆ. ನಾಲ್ಕನೆಯ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಬಸ್ಸು ಬಂತು. ಜೀವಮಾನದಲ್ಲಿ ಯಾವ ಬಸ್ಸನ್ನೂ ನಾನು ಅಷ್ಟು ಚುರುಕಾಗಿ ಹತ್ತಿದ್ದಿಲ್ಲ.

ಬಾಯಲ್ಲಿ ಆಗದ್ದನ್ನು ಬರೆದು ಪತ್ರಿಕೆಗೆ ಕಳುಹಿಸುತ್ತೇನೆಂದು ನಿರ್ಧರಿಸಿದೆ. ಈ ಪತ್ರಿಕೆ ಸಂತೆಮರಹಳ್ಳಿಯಲ್ಲಿ ಸಿಗುವುದಿಲ್ಲವೆಂದು ಅಂಗಡಿಯಲ್ಲಿ ವಿಚಾರಿಸಿಕೊಂಡೇ ಬರೆಯಲು ಕುಳಿತೆ. ಇಲ್ಲಿಯವರೆಗೆ ಬರೆದದ್ದನ್ನು ಮೊಮ್ಮಗಳಿಗೆ ತೋರಿಸಿದೆ. ಓದಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದಳು.

"ಅಡುಗೆಯವಳು, ಅವಳು, ಅವಳು. ಹೆಸರೆಲ್ಲಿ ತಾತ?"

"ಪಾಪ, ಆಯಮ್ಮನಿಗೆ ಮುಜುಗರ ಆಗಬಾರದು ಅಂತ."

"ಆಯಮ್ಮನಿಗಾ, ನಿಂಗಾ?"

ಅವಳು ಪೆನ್ನನ್ನು ನನ್ನ ಕೈಗಿಟ್ಟು, ಪೂರ್ತಿ ಬರೆಯುವವರೆಗೆ ಎದ್ದು ಹೋಗುವುದಿಲ್ಲವೆಂದು ಎದುರಿಗೇ ಕುಳಿತಿದ್ದಾಳೆ. ಇಲ್ಲಿ ಕೂಡ ನನ್ನ ಧೈರ್ಯವೇನೂ ಇಲ್ಲ. ನಮ್ಮ ಶಾಲೆಯಲ್ಲಿ ಈರುಳ್ಳಿಯ ಜೀವಕೋಶವನ್ನು ಮೊದಲು ಕಂಡವರು, ನನಗೆ ಕಾಣಿಸಿದವರು, ಸಂತೆಮರಹಳ್ಳಿಯ ಚಿಕ್ಕತಾಯಮ್ಮ.